ಲೆನ್ಸ್ ಕೊಳ್ಳುವ ಮುಂಚೆ ಗುರುದತ್

ನಮ್ಮ ರೂಮಿನ ಬೀರು ಮೇಲೆ ಒಂದು ಗಿಂಬಲ್ ಇದೆ. ಕಳೆದ ವರ್ಷ ಫೆಸ್ಟಿಗೆ ಮುಂಚೆ ನಾಲ್ಕು ಜನ ದುಡ್ಡು ಹಾಕಿ ತಗೊಂಡಿದ್ದು. ಸರಿಯಾಗಿ ಎರಡು ಸಲ ಬಳಸಿದ್ದೀವಿ. ಮಳೆಗಾಲದಲ್ಲಿ ಅದರ ಮೇಲೆ ಸಾಕ್ಸ್ ಒಣಗುತ್ತೆ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಈ ಸೆಮಿಸ್ಟರಿನಲ್ಲಿ ನಾವು ಮತ್ತೆ ಕೊಳ್ಳೋಕೆ ಹೊರಟೆವು. ಈ ಸಲ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ, ಜೊತೆಗೊಂದು ಲೆನ್ಸ್. ಇಂಟರ್ ಕಾಲೇಜ್ ಕಿರುಚಿತ್ರ ಸ್ಪರ್ಧೆ ಹತ್ತಿರ ಬಂದಿತ್ತು. ನಮ್ಮ ಹತ್ತಿರ ಇರೋದು ಸೆಕೆಂಡ್ ಹ್ಯಾಂಡ್ ಕ್ರಾಪ್ ಸೆನ್ಸರ್ ಡಿಎಸ್ಎಲ್ಆರ್, ಜೊತೆಗೆ ಬಂದ 18–55 ಕಿಟ್ ಲೆನ್ಸ್. ಜೆ.ಪಿ. ನಗರದ ಸುತ್ತಮುತ್ತ ನಾಮಕರಣ, ಗೃಹಪ್ರವೇಶ ಅಂತ ಶೂಟ್ ಮಾಡಿ ಕೂಡಿಟ್ಟ ದುಡ್ಡು ಮುಂಗಡಕ್ಕೂ ಸಾಲುತ್ತಿರಲಿಲ್ಲ. ಉಳಿದದ್ದಕ್ಕೆ ಇಎಂಐ. ಮುಂಗಡದ ಕೊರತೆ ತುಂಬೋಕೆ ನಮ್ಮಲ್ಲೊಬ್ಬ ಮುಂದಿನ ಸೆಮಿಸ್ಟರಿನ ಫೀಸಿಗೆ ಅಂತ ಮನೆಯಿಂದ ಬಂದ ದುಡ್ಡನ್ನೇ ಹಾಕೋಕೆ ರೆಡಿ ಆಗಿದ್ದ. ಸ್ಪರ್ಧೆ ಗೆದ್ದರೆ ವಾಪಸ್ ಇಡೋಣ ಅನ್ನೋದು ಲೆಕ್ಕ. ಅಷ್ಟು ದೊಡ್ಡ ನಿರ್ಧಾರವನ್ನು ನಾವು ಮೆಸ್ಸಿನಲ್ಲಿ ಚಿತ್ರಾನ್ನ ತಿನ್ನುತ್ತಾ ಹತ್ತು ನಿಮಿಷದಲ್ಲಿ ತಗೊಂಡಿದ್ದೆವು.

ಅದೇ ವಾರ ನಾವು ಲ್ಯಾಪ್‌ಟಾಪಿನಲ್ಲಿ 'ಕಾಗಜ್ ಕೆ ಫೂಲ್' ನೋಡಿದ್ದು. ಕಿರುಚಿತ್ರಕ್ಕೆ ಲೈಟಿಂಗ್ ಐಡಿಯಾ ಸಿಗಬಹುದು ಅಂತ ಹಾಕಿದ್ದು, ಅಷ್ಟೇ. ಅದರಲ್ಲೊಂದು ಹಾಡಿದೆ. ಖಾಲಿ ಸ್ಟುಡಿಯೋ, ಕತ್ತಲು, ಮೇಲಿನಿಂದ ಕೋಲಿನ ಹಾಗೆ ಇಳಿಯುವ ಬೆಳಕು, ಅದರ ಆಚೆ ಈಚೆ ನಿಂತ ಇಬ್ಬರು. ಯಾವ ಲೈಟು, ಎಷ್ಟು ವ್ಯಾಟು ಅಂತ ಹುಡುಕಿದರೆ ಗೊತ್ತಾಗಿದ್ದು ಅದು ಲೈಟೇ ಅಲ್ಲ ಅಂತ. ಎರಡು ಕನ್ನಡಿ. ಇನ್ನೂ ಹುಡುಕಿದರೆ, ನಿರ್ದೇಶಕ ಹುಟ್ಟಿದ್ದು ಬೆಂಗಳೂರಲ್ಲಿ. ಕ್ಯಾಮೆರಾ ಹಿಡಿದವರು ಮೈಸೂರಿನವರು, ಓದಿದ್ದು ನಮ್ಮ ಕೆ.ಆರ್. ಸರ್ಕಲ್ ಹತ್ತಿರದ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ, ಕೊನೆಗಾಲ ಕಳೆದದ್ದು ಶಂಕರಪುರಂನಲ್ಲಿ. ಅಂದರೆ ನಮ್ಮ ರೂಮಿಂದ ಬನಶಂಕರಿ ದಾಟಿ ಬಸವನಗುಡಿ ಕಡೆ ಹೋದರೆ ಸಿಗುವ ಜಾಗ. ಇಷ್ಟು ಹತ್ತಿರದ ಕಥೆ ನಮಗೆ ಗೊತ್ತೇ ಇರಲಿಲ್ಲ.

ಹಾಗಾಗಿ ಈ ಸಂಚಿಕೆಗೆ ಗುರುದತ್ ಅವರ ಬದುಕನ್ನು ಬರೆಯೋಣ ಅಂದುಕೊಂಡೆವು. ಎಲ್ಲರೂ ಬರೆಯುವ ಪ್ರೇಮ, ದುಃಖದ ಕಡೆಯಿಂದ ಅಲ್ಲ. ಅವರು ಯಾವ ಸಲಕರಣೆಗೆ ಯಾವಾಗ ದುಡ್ಡು ಹಾಕಿದರು, ಯಾವಾಗ ಹಾಕಲಿಲ್ಲ ಅನ್ನುವ ಕಡೆಯಿಂದ.

ಕ್ಯಾಮೆರಾ ಇಲ್ಲದ ಹುಡುಗ

ಗುರುದತ್ ಹುಟ್ಟಿದ್ದು 1925ರ ಜುಲೈ 9ರಂದು, ಬೆಂಗಳೂರಿನಲ್ಲಿ. ಇಟ್ಟ ಹೆಸರು ವಸಂತ ಕುಮಾರ. ಮನೆತನದ ಹೆಸರು ಪಡುಕೋಣೆ, ಅದು ಕುಂದಾಪುರದ ಹತ್ತಿರದ ಊರು. ಚಿಕ್ಕಂದಿನಲ್ಲಿ ಆದ ಒಂದು ಅವಘಡದ ನಂತರ ಹೆಸರು ಬದಲಾಯಿಸಿ ಗುರುದತ್ತ ಅಂತ ಕರೆದರು. ಅಪ್ಪ ಶಿವಶಂಕರ ರಾವ್ ಮೊದಲು ಶಾಲೆಯಲ್ಲಿ ಹೆಡ್‌ಮಾಸ್ಟರ್, ಆಮೇಲೆ ಬ್ಯಾಂಕ್ ನೌಕರ. ಅಮ್ಮ ವಾಸಂತಿ ಪಡುಕೋಣೆ ಟೀಚರ್, ಕನ್ನಡದ ಲೇಖಕಿ. ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಮಗ ಹೋದ ಮೇಲೆ ಅವನ ಬಗ್ಗೆ ಪುಸ್ತಕ ಬರೆದದ್ದೂ ಕನ್ನಡದಲ್ಲೇ.

ಕುಟುಂಬ ಕಲ್ಕತ್ತೆಗೆ ಹೋಯಿತು. ಗುರುದತ್ ಬೆಳೆದದ್ದು ಅಲ್ಲಿ. ಅದಕ್ಕೇ ಎಷ್ಟೋ ಜನ ಅವರನ್ನು ಬಂಗಾಳಿ ಅಂದುಕೊಂಡಿದ್ದಾರೆ. ಮನೆಯಲ್ಲಿ ದುಡ್ಡು ಕಡಿಮೆ. ಸಂಜೆ ಅಜ್ಜಿ ದೇವರ ಮುಂದೆ ದೀಪ ಹಚ್ಚಿದಾಗ, ಹುಡುಗ ಆ ಬೆಳಕಿಗೆ ಬೆರಳುಗಳನ್ನು ಹಿಡಿದು ಗೋಡೆ ಮೇಲೆ ನೆರಳಿನ ಆಕೃತಿಗಳನ್ನು ಮಾಡುತ್ತಿದ್ದನಂತೆ. ತಂಗಿ ಲಲಿತಾ ಲಾಜ್ಮಿ ನೆನಪಿಸಿಕೊಂಡ ವಿಷಯ ಇದು. ಲಲಿತಾ ಮುಂದೆ ಹೆಸರಾಂತ ಚಿತ್ರಕಲಾವಿದೆ ಆದರು.

ಇದನ್ನು ಓದಿದಾಗ ನಮಗೆ ತಟ್ಟಿದ್ದು ಒಂದೇ. ಒಂದು ಬೆಳಕಿನ ಮೂಲ, ಒಂದು ಅಡ್ಡ ವಸ್ತು, ಒಂದು ಪರದೆ. ಸಿನಿಮಾಗೆ ಬೇಕಾದ ಅಷ್ಟೂ ಭಾಗಗಳು ಅಲ್ಲೇ ಇದ್ದವು, ಖರ್ಚು ಒಂದು ಚಮಚ ಎಣ್ಣೆ. ದೀಪದ ಹತ್ತಿರ ಕೈ ತಂದರೆ ನೆರಳು ದೊಡ್ಡದಾಗಿ ಅಂಚು ಮಸುಕಾಗುತ್ತೆ, ಗೋಡೆ ಹತ್ತಿರ ತಂದರೆ ಚಿಕ್ಕದಾಗಿ ಅಂಚು ಚೂಪಾಗುತ್ತೆ. ಇದನ್ನು ನಾವು ಫಿಸಿಕ್ಸ್ ಪುಸ್ತಕದಲ್ಲಿ ಓದಿ ಮರೆತೆವು. ಅವರು ಬೆರಳಲ್ಲಿ ಕಲಿತರು.

ಕಲ್ಕತ್ತೆಯಲ್ಲಿ ಅವರ ಬಂಧು ಬಿ.ಬಿ. ಬೆನೆಗಲ್ ಇದ್ದರು. ಸಿನಿಮಾ ಪ್ರಚಾರಕ್ಕೆ ಚಿತ್ರ ಬರೆಯುತ್ತಿದ್ದ ಕಲಾವಿದರು. ಅವರು ಬರೆದಿದ್ದ, ಮೈಗೆ ಹಾವು ಸುತ್ತಿಕೊಂಡ ಮನುಷ್ಯನ ಚಿತ್ರ ನೋಡಿ ಹುಡುಗ ತಾನೇ ಒಂದು ಹಾವಿನ ನೃತ್ಯ ಕಟ್ಟಿದ. ಬಂಧುವನ್ನೇ ಒಪ್ಪಿಸಿ ಅದರ ಫೋಟೋ ತೆಗೆಸಿದ. ಮೊದಲ ಚಿತ್ರಗಳು ಹೀಗೆ ಬೇರೆಯವರ ಕ್ಯಾಮೆರಾದಲ್ಲಿ ಆದವು. ಹುಡುಗನ ಹತ್ತಿರ ಇದ್ದದ್ದು ಏನು ತೆಗೆಯಬೇಕು ಅನ್ನೋ ಸ್ಪಷ್ಟತೆ ಮಾತ್ರ.

ಓದು ಮುಂದುವರಿಸುವ ಅನುಕೂಲ ಇರಲಿಲ್ಲ. ಮೆಟ್ರಿಕ್ ಆದ ಮೇಲೆ ಕಾಲೇಜಿಗೆ ಹೋಗಲಿಲ್ಲ. ಅಲ್ಮೋರಾದಲ್ಲಿ ಉದಯಶಂಕರ್ ನಡೆಸುತ್ತಿದ್ದ ಕಲಾಕೇಂದ್ರ ಸೇರಿ ನೃತ್ಯ ಕಲಿತರು. ಯುದ್ಧದ ಕಾಲ, ದುಡ್ಡಿಲ್ಲದೆ ಆ ಕೇಂದ್ರ 1944ರಲ್ಲಿ ಮುಚ್ಚಿತು. ಕಲ್ಕತ್ತೆಗೆ ಬಂದು ಲಿವರ್ ಬ್ರದರ್ಸ್ ಫ್ಯಾಕ್ಟರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಸೇರಿದರು, ಸ್ವಲ್ಪ ದಿನದಲ್ಲೇ ಬಿಟ್ಟರು. ಅದೇ 1944ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋದಲ್ಲಿ ಮೂರು ವರ್ಷದ ಕಾಂಟ್ರಾಕ್ಟ್ ಸಿಕ್ಕಿತು. ಸಣ್ಣ ಪಾತ್ರ, ನೃತ್ಯ ಸಂಯೋಜನೆ, ಸಹಾಯಕ ನಿರ್ದೇಶನ, ಸಿಕ್ಕಿದ್ದೆಲ್ಲ ಮಾಡಿದರು.

ನೃತ್ಯ ಕಲಿತದ್ದು ದಂಡ ಆಗಲಿಲ್ಲ. ಗುರುದತ್ ಸಿನಿಮಾಗಳಲ್ಲಿ ಹಾಡು ಬಂದಾಗ ಗಮನಿಸಿ. ಕ್ಯಾಮೆರಾ ಮುಂದೆ ಹೋಗೋದು, ನಿಲ್ಲೋದು, ತಿರುಗೋದು ಎಲ್ಲ ತಾಳಕ್ಕೆ ಸರಿಯಾಗಿ. ನಾವು ಗಿಂಬಲ್ ಕೊಂಡದ್ದು ಕ್ಯಾಮೆರಾ ಅಲ್ಲಾಡಬಾರದು ಅಂತ. ಕ್ಯಾಮೆರಾ ಯಾಕೆ ಚಲಿಸಬೇಕು ಅಂತ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಮೂರ್ತಿ ಸಿಕ್ಕಿದರು

ಪ್ರಭಾತ್‌ನಲ್ಲಿ ಗುರುದತ್‌ಗೆ ದೇವ್ ಆನಂದ್ ಸ್ನೇಹ ಆಯಿತು. ಧೋಬಿ ಇಬ್ಬರ ಶರ್ಟ್ ಅದಲುಬದಲು ಮಾಡಿದ್ದರಿಂದ ಪರಿಚಯ ಆಯಿತು ಅನ್ನೋದು ಪ್ರಸಿದ್ಧ ಕಥೆ. ಮುಂದೆ ಒಬ್ಬರು ನಿರ್ಮಾಪಕ ಆದರೆ ಇನ್ನೊಬ್ಬರಿಗೆ ನಿರ್ದೇಶನ ಕೊಡಬೇಕು ಅಂತ ಮಾತಾಯಿತು. 1947ರಲ್ಲಿ ಕಾಂಟ್ರಾಕ್ಟ್ ಮುಗಿಯಿತು. ಸುಮಾರು ಹತ್ತು ತಿಂಗಳು ಕೆಲಸವೇ ಇಲ್ಲ. ಮುಂಬೈನ ಮಾಟುಂಗಾದಲ್ಲಿ ಮನೆಯವರ ಜೊತೆ ಇದ್ದುಕೊಂಡು ಕಥೆಗಳನ್ನು ಬರೆದರು. ಕೆಲಸ ಇಲ್ಲದ ಆ ಕಹಿಯಲ್ಲೇ 'ಕಶ್ಮಕಶ್' ಎಂಬ ಕಥೆ ಹುಟ್ಟಿತು. ಅದು ಮುಂದೆ 'ಪ್ಯಾಸಾ' ಆಯಿತು.

ಆಮೇಲೆ ಅಮಿಯ ಚಕ್ರವರ್ತಿ, ಜ್ಞಾನ್ ಮುಖರ್ಜಿ ಅವರ ಕೈಕೆಳಗೆ ಸಹಾಯಕರಾಗಿ ದುಡಿದರು. 1951ರಲ್ಲಿ ದೇವ್ ಆನಂದ್ ಮಾತು ಉಳಿಸಿಕೊಂಡರು. ನವಕೇತನ್ ಸಂಸ್ಥೆಯ 'ಬಾಜಿ' ಗುರುದತ್ ನಿರ್ದೇಶನದ ಮೊದಲ ಚಿತ್ರ.

ಅದರ ಛಾಯಾಗ್ರಾಹಕರು ವಿ. ರಾತ್ರಾ. ಅವರ ಸಹಾಯಕರಾಗಿ ಕ್ಯಾಮೆರಾ ಹಿಂದೆ ಇದ್ದವರು ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಮೂರ್ತಿ ಸಿನಿಮಾ ಹುಚ್ಚಿನಿಂದ ಮುಂಬೈಗೆ ಓಡಿಹೋಗಿ ಬರಿಗೈಯಲ್ಲಿ ವಾಪಸ್ ಬಂದವರು. ಆಮೇಲೆ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಡಿಪ್ಲೊಮಾ ಮಾಡಿ, 1946ರಲ್ಲಿ ಮುಗಿಸಿ ಮತ್ತೆ ಮುಂಬೈಗೆ ಹೋದರು. ಪಿಟೀಲು ನುಡಿಸುವುದೂ ಬರುತ್ತಿತ್ತು.

'ಬಾಜಿ'ಯ ಒಂದು ಹಾಡಿಗೆ ಮೂರ್ತಿ ಒಂದು ಕಷ್ಟದ ಶಾಟ್ ಸೂಚಿಸಿದರು. ಆಗುತ್ತದೋ ಇಲ್ಲವೋ ಅಂತ ಗುರುದತ್‌ಗೆ ಅನುಮಾನ. ರಾತ್ರಾ ದೊಡ್ಡ ಮನಸ್ಸಿನಿಂದ ಸಹಾಯಕನಿಗೇ ಕ್ಯಾಮೆರಾ ಬಿಟ್ಟುಕೊಟ್ಟರು. ಮೂರ್ತಿ ಅದನ್ನು ಮಾಡಿ ತೋರಿಸಿದರು. ಮುಂದಿನ ಚಿತ್ರ 'ಜಾಲ್' (1952) ಹೊತ್ತಿಗೆ ಮೂರ್ತಿಯೇ ಛಾಯಾಗ್ರಾಹಕ.

ಇಲ್ಲಿ ಹೊಸ ಸಲಕರಣೆ ಏನೂ ಬರಲಿಲ್ಲ ಅನ್ನೋದನ್ನು ನೋಡಿ. ಕ್ಯಾಮೆರಾ ಸ್ಟುಡಿಯೋದ್ದು. ಹಿಂದಿನ ದಿನ ಅದರಲ್ಲಿ ಬೇರೆಯವರ ಸಿನಿಮಾ ಆಗಿರುತ್ತಿತ್ತು, ನಾಳೆ ಇನ್ನೊಬ್ಬರದ್ದು. ಅದೇ ಯಂತ್ರವನ್ನು ಚೆನ್ನಾಗಿ ಬಲ್ಲ ಒಬ್ಬ ಮನುಷ್ಯ ಸಿಕ್ಕಿದ ಮೇಲೆ ಗುರುದತ್ ಅವರನ್ನು ಬಿಡಲಿಲ್ಲ.

75 ಎಂಎಂ

ಆಗ ಹಿಂದಿ ಸಿನಿಮಾಗಳಲ್ಲಿ ಮುಖದ ಕ್ಲೋಸಪ್ಪನ್ನು ಸಾಮಾನ್ಯವಾಗಿ 50 ಎಂಎಂ ಲೆನ್ಸಿನಲ್ಲಿ ತೆಗೆಯುತ್ತಿದ್ದರು. ಗುರುದತ್‌ಗೆ ಅದು ಸಾಲಲಿಲ್ಲ. ಪಾತ್ರದ ಕಣ್ಣೊಳಗೆ ಹೋಗಬೇಕು, ಹಿಂದಿನದೆಲ್ಲ ಮಸುಕಾಗಬೇಕು. ಅವರು 75 ಎಂಎಂ, ಕೆಲವೊಮ್ಮೆ 100 ಎಂಎಂ ಬಳಸತೊಡಗಿದರು. ಮುಂಬೈ ಸ್ಟುಡಿಯೋಗಳಲ್ಲಿ ಆ ರೀತಿಯ ಕ್ಲೋಸಪ್‌ಗೆ ಗುರುದತ್ ಶಾಟ್ ಅನ್ನೋ ಹೆಸರೇ ಬಿತ್ತು.

ಇದರಲ್ಲಿರೋ ವಿಜ್ಞಾನ ನಮಗೆಲ್ಲ ಬರಬೇಕಾದ್ದೇ. ಮುಖದ ಆಕಾರ ಬದಲಾಗೋದು ಲೆನ್ಸಿನಿಂದ ಅಲ್ಲ, ದೂರದಿಂದ. ಹತ್ತಿರ ನಿಂತರೆ ಕಿವಿಗಿಂತ ಮೂಗು ಕ್ಯಾಮೆರಾಗೆ ತುಂಬಾ ಹತ್ತಿರ, ಅದಕ್ಕೇ ಮೂಗು ಉಬ್ಬಿ ಕಾಣುತ್ತೆ. ಉದ್ದದ ಲೆನ್ಸ್ ಹಾಕಿದರೆ ಅಷ್ಟೇ ದೊಡ್ಡ ಮುಖಕ್ಕೆ ಹಿಂದೆ ಸರಿದು ನಿಲ್ಲಬೇಕಾಗುತ್ತೆ. ಆಗ ಮೂಗು, ಕಿವಿ ನಡುವಿನ ದೂರದ ವ್ಯತ್ಯಾಸ ಲೆಕ್ಕಕ್ಕೆ ಬರಲ್ಲ, ಮುಖ ಸೌಮ್ಯವಾಗಿ ಕೂರುತ್ತೆ. ಹಿಂದಿನ ವಸ್ತುಗಳು ದೊಡ್ಡದಾಗಿ ಮಸುಕಾಗುತ್ತವೆ. 'ಪ್ಯಾಸಾ'ದಲ್ಲಿ ವಹೀದಾ ರೆಹಮಾನ್ ಅವರ ಮುಖ ನೋಡಿದರೆ ಅರ್ಥ ಆಗುತ್ತೆ.

ಇನ್ನೊಂದು ವಿಷಯ ನಮ್ಮನ್ನು ಬೆಚ್ಚಿ ಬೀಳಿಸಿತು. 35 ಎಂಎಂ ಸಿನಿಮಾ ಫಿಲ್ಮಿನ ಫ್ರೇಮ್ ಹೆಚ್ಚುಕಡಿಮೆ ನಮ್ಮ ಕ್ರಾಪ್ ಸೆನ್ಸರ್‌ನಷ್ಟೇ ಇರೋದು. ನಾವು ಹಳೇದು, ಚಿಕ್ಕದು ಅಂತ ಬೈಯುತ್ತಿದ್ದ ಆ ಸೆನ್ಸರ್ ಅಳತೆಯಲ್ಲೇ 'ಪ್ಯಾಸಾ' ತೆಗೆದಿದ್ದಾರೆ. ನಮಗೆ ಕೊರತೆ ಇದ್ದರೆ ಅದು ಕಿಟ್ ಲೆನ್ಸ್ 55ಕ್ಕೆ ನಿಲ್ಲುತ್ತೆ, 75ಕ್ಕೆ ಹೋಗಲ್ಲ ಅನ್ನೋದು. ಕೊರತೆ ಲೆನ್ಸಿನದ್ದು, ನಾವು ಕೊಳ್ಳೋಕೆ ಹೊರಟಿದ್ದು ಬಾಡಿ.

1953ರಲ್ಲಿ ಗುರುದತ್ ಗಾಯಕಿ ಗೀತಾ ರಾಯ್ ಅವರನ್ನು ಮದುವೆಯಾದರು. 'ಆರ್ ಪಾರ್' (1954), 'ಮಿಸ್ಟರ್ ಅಂಡ್ ಮಿಸೆಸ್ 55' (1955) ಗೆದ್ದವು. 1956ರಲ್ಲಿ ರಾಜ್ ಖೋಸ್ಲಾ ನಿರ್ದೇಶನದಲ್ಲಿ ಅವರು ನಿರ್ಮಿಸಿದ 'ಸಿಐಡಿ' ಕೂಡ ಗೆದ್ದಿತು. ಕೈಯಲ್ಲಿ ದುಡ್ಡು, ಜೊತೆಯಲ್ಲಿ ಪಳಗಿದ ತಂಡ ಇದ್ದಾಗಲೇ ಅವರು ಹತ್ತು ವರ್ಷ ಹಿಂದೆ ಬರೆದಿಟ್ಟ ಕಥೆಯನ್ನು ತೆಗೆದದ್ದು. 'ಪ್ಯಾಸಾ' 1957ರಲ್ಲಿ ಬಂತು. ನಾವು ಇದನ್ನು ಎರಡು ಸಲ ಓದಿದೆವು. ಹತ್ತು ವರ್ಷ ಕಾದಿದ್ದಾರೆ. ನಮಗೆ ಇಎಂಐ ಅಪ್ರೂವಲ್‌ಗೆ ಇಪ್ಪತ್ತನಾಲ್ಕು ಗಂಟೆ ಕಾಯೋಕೆ ಆಗಿರಲಿಲ್ಲ.

ಹಾಗಂತ ಅವರು ಜಿಪುಣರಲ್ಲ. ಒಂದು ದೃಶ್ಯ ಮನಸ್ಸಿಗೆ ಬಾರದಿದ್ದರೆ ಮತ್ತೆ ಮತ್ತೆ ತೆಗೆಯುತ್ತಿದ್ದರು, ತೆಗೆದದ್ದನ್ನು ಎಸೆಯುತ್ತಿದ್ದರು. ಫಿಲ್ಮ್ ಅಂದರೆ ಪ್ರತಿ ಅಡಿಗೂ ದುಡ್ಡು. ತಪ್ಪು ಮಾಡಿ ಕಲಿಯೋಕೆ ಅವರು ಕೈಬಿಚ್ಚಿ ಖರ್ಚು ಮಾಡಿದರು. ಆ ಖರ್ಚು ಈಗ ನಮಗೆ ಪುಕ್ಕಟೆ, ಮೆಮೊರಿ ಕಾರ್ಡ್ ಅಳಿಸಿದರೆ ಆಯಿತು. ಆದರೂ ಒಂದು ಶಾಟನ್ನು ನಾವು ಮೂರನೇ ಸಲ ತೆಗೆದ ನೆನಪಿಲ್ಲ.

ಒಂದೇ ಸಿನಿಮಾ, ಎರಡು ಲೆಕ್ಕ

ಈಗ 'ಕಾಗಜ್ ಕೆ ಫೂಲ್'ಗೆ ಬರೋಣ. 1959. ಹೆಸರು ಮಾಡಿದ ನಿರ್ದೇಶಕನೊಬ್ಬ ಎಲ್ಲ ಕಳೆದುಕೊಂಡು ಕೊನೆಗೆ ಖಾಲಿ ಸ್ಟುಡಿಯೋದಲ್ಲಿ ತನ್ನ ಹಳೆಯ ಕುರ್ಚಿಯಲ್ಲೇ ಸಾಯುವ ಕಥೆ. ಇದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ.

ಸಿನಿಮಾಸ್ಕೋಪ್ ಅಂದರೆ ಏನು? ಟಿವಿ ಬಂದ ಮೇಲೆ ಅಮೆರಿಕದಲ್ಲಿ ಜನ ಥಿಯೇಟರಿಗೆ ಬರೋದು ಕಡಿಮೆ ಆಯಿತು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ 1953ರಲ್ಲಿ ಅಗಲವಾದ ಪರದೆಯ ಈ ಪದ್ಧತಿಯನ್ನು ತಂದಿತು. ಕ್ಯಾಮೆರಾ ಮುಂದಿನ ಅನಮಾರ್ಫಿಕ್ ಲೆನ್ಸ್ ದೃಶ್ಯವನ್ನು ಅಡ್ಡಡ್ಡಲಾಗಿ ಅರ್ಧಕ್ಕೆ ಅಮುಕಿ ಮಾಮೂಲಿ 35 ಎಂಎಂ ಫಿಲ್ಮಿನ ಮೇಲೆ ಕೂರಿಸುತ್ತೆ. ಥಿಯೇಟರಿನಲ್ಲಿ ಪ್ರೊಜೆಕ್ಟರಿಗೆ ಅಂಥದ್ದೇ ಇನ್ನೊಂದು ಲೆನ್ಸ್ ಹಾಕಿ ಅದನ್ನು ಮತ್ತೆ ಅಗಲಿಸಬೇಕು. ಪರದೆಯ ಅಗಲ ಎತ್ತರದ 2.35ರಷ್ಟು. ಅಂದರೆ ತೆಗೆಯುವ ಕಡೆ ಮಾತ್ರ ಲೆನ್ಸ್ ಇದ್ದರೆ ಸಾಲದು, ತೋರಿಸುವ ಕಡೆಯೂ ಇರಬೇಕು. 1959ರ ಭಾರತದಲ್ಲಿ ಆ ಲೆನ್ಸು, ಆ ಪರದೆ ಎಲ್ಲ ಊರಿನ ಥಿಯೇಟರಿನಲ್ಲೂ ಇರಲಿಲ್ಲ.

ಗುರುದತ್ ಸುಮ್ಮನೆ ಧುಮುಕಲಿಲ್ಲ. ಅದಕ್ಕೂ ಮುಂಚೆ ಗೀತಾ ಅವರನ್ನು ಇಟ್ಟುಕೊಂಡು 'ಗೌರಿ' ಎಂಬ ಚಿತ್ರವನ್ನು ಸ್ಕೋಪ್‌ನಲ್ಲಿ ಶುರುಮಾಡಿ ನಿಲ್ಲಿಸಿದ್ದರು. ಹಾಗಾಗಿ 'ಕಾಗಜ್ ಕೆ ಫೂಲ್' ಹೊತ್ತಿಗೆ ಅದು ಪೂರ್ತಿ ಹೊಸ ಆಟಿಕೆ ಆಗಿರಲಿಲ್ಲ. ಈ ಕಥೆಗೆ ಅಗಲ ಬೇಕಿತ್ತು ಅಂತಲೂ ನಮಗೆ ಅನ್ನಿಸುತ್ತೆ. ಒಬ್ಬ ಮನುಷ್ಯ, ಸುತ್ತ ಖಾಲಿ ಜಾಗ. ಆ ಖಾಲಿತನ ಮಾಮೂಲಿ ಚೌಕಟ್ಟಿನಲ್ಲಿ ಹಿಡಿಯಲ್ಲ.

ಇದು ಮೊದಲ ಲೆಕ್ಕ, ದುಬಾರಿಯದ್ದು. ಎರಡನೇ ಲೆಕ್ಕ ಕನ್ನಡಿಯದ್ದು.

ಗೀತಾ ದತ್ ಹಾಡಿ, ಎಸ್.ಡಿ. ಬರ್ಮನ್ ಸಂಗೀತ ಕೊಟ್ಟ ಆ ಹಾಡಿಗೆ ಗುರುದತ್‌ಗೆ ಸೂರ್ಯನ ಕಿರಣದಂಥ ಬೆಳಕು ಬೇಕಿತ್ತು. ಸ್ಟುಡಿಯೋ ದೀಪದಿಂದ ಅದು ಬರೋದು ಕಷ್ಟ. ದೀಪ ಹತ್ತಿರ ಇರುತ್ತೆ, ಅದರ ಕಿರಣಗಳು ಬೀಸಣಿಗೆ ಥರ ಹರಡುತ್ತವೆ. ಸೂರ್ಯ ಹದಿನೈದು ಕೋಟಿ ಕಿಲೋಮೀಟರ್ ದೂರ, ಅವನ ಕಿರಣ ನಮ್ಮ ಹತ್ತಿರ ಬರುವಷ್ಟರಲ್ಲಿ ಹೆಚ್ಚುಕಡಿಮೆ ಸಮಾನಾಂತರ. ಅದಕ್ಕೇ ಬಿಸಿಲ ಕೋಲು ಕೋಲಿನ ಹಾಗೇ ಇರುತ್ತೆ. ಮೂರ್ತಿ ಸೂರ್ಯನನ್ನೇ ಒಳಗೆ ಕರೆತಂದರು. ಹೊರಗೆ ಬಿಸಿಲಲ್ಲಿ ಒಂದು ದೊಡ್ಡ ಕನ್ನಡಿ, ಅದರಿಂದ ಒಳಗೆ ಬಂದ ಬೆಳಕನ್ನು ಹಿಡಿದು ಕೆಳಗೆ ತಿರುಗಿಸಲು ಮೇಲೆ ಇನ್ನೊಂದು ಕನ್ನಡಿ. ಗಾಳಿಯಲ್ಲಿ ಹೊಗೆ ಇದ್ದರೆ ಆ ಕಿರಣ ಕಣ್ಣಿಗೆ ಕಾಣುತ್ತೆ.

ಈ ಚಿತ್ರಕ್ಕೆ ಮೂರ್ತಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಇಂದಿಗೂ ಸಿನಿಮಾ ಕಲಿಯುವವರು ಮೊದಲು ನೆನೆಯೋದು ಆ ಕಿರಣವನ್ನು.

ಆದರೆ ಸಿನಿಮಾ ಸೋತಿತು, ಹೀನಾಯವಾಗಿ. ಜನಕ್ಕೆ ಆ ದುಃಖ ಬೇಕಾಗಿರಲಿಲ್ಲ. ಸ್ಕೋಪ್ ಇದ್ದದ್ದರಿಂದ ಸೋತಿತು ಅಂತ ಹೇಳೋದು ತಪ್ಪು. ಆದರೆ ಸ್ಕೋಪ್ ಅದನ್ನು ಉಳಿಸಲೂ ಇಲ್ಲ. ಗುರುದತ್ ದೊಡ್ಡ ನಷ್ಟ ಹೊತ್ತರು. ಅದಾದ ಮೇಲೆ ಯಾವ ಚಿತ್ರಕ್ಕೂ ನಿರ್ದೇಶಕ ಅಂತ ತಮ್ಮ ಹೆಸರು ಹಾಕಲಿಲ್ಲ.

ಇದನ್ನು ಓದಿ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಯಾಕಂದರೆ ನಮ್ಮ ಲೆಕ್ಕವೂ ಹಾಗೇ ಇತ್ತು, ಗೆದ್ದರೆ ವಾಪಸ್ ಇಡೋಣ ಅಂತ. ಅವರಿಗಾದರೂ ಹಿಂದೆ ಗೆದ್ದ ಸಿನಿಮಾಗಳಿದ್ದವು, ನಷ್ಟ ತಡೆದುಕೊಳ್ಳೋಕೆ ಒಂದು ಸಂಸ್ಥೆ ಇತ್ತು. ನಮ್ಮ ಗೆಳೆಯನ ಹತ್ತಿರ ಇರೋದು ಒಂದು ಸೆಮಿಸ್ಟರಿನ ಫೀಸು.

ಯಂತ್ರಕ್ಕಿಂತ ಮೊದಲು ಮನುಷ್ಯ

ಸೋತ ಮರುವರ್ಷವೇ ಗುರುದತ್ ಎದ್ದು ನಿಂತರು. 1960ರಲ್ಲಿ ಎಂ. ಸಾದಿಕ್ ನಿರ್ದೇಶನದ 'ಚೌದ್ವೀ ಕಾ ಚಾಂದ್' ನಿರ್ಮಿಸಿ ನಟಿಸಿದರು. ಕಪ್ಪು ಬಿಳುಪಿನ ಆ ಚಿತ್ರ ಭರ್ಜರಿಯಾಗಿ ಓಡಿತು, ಕಳೆದುಕೊಂಡ ದುಡ್ಡು ಬಂತು. ಆ ಕಾಲಕ್ಕೆ ಕಲರ್ ಹೊಸ ಆಕರ್ಷಣೆ. ಗುರುದತ್ ಮೂರ್ತಿಯವರನ್ನು ಕಲರ್ ಕೆಲಸ ಕಲಿಯಲು ಲಂಡನ್ನಿಗೆ ಕಳಿಸಿದರು. 'ದಿ ಗನ್ಸ್ ಆಫ್ ನವರೋನ್' ಚಿತ್ರದ ತಂಡದ ಜೊತೆ ಮೂರ್ತಿ ಅಲ್ಲಿ ಕೆಲಸ ನೋಡಿದರು. 'ಚೌದ್ವೀ ಕಾ ಚಾಂದ್'ನ ಶೀರ್ಷಿಕೆ ಗೀತೆ ಮತ್ತೆ ಕಲರಿನಲ್ಲಿ ಚಿತ್ರಿತವಾಯಿತು.

ಇದು ನಮಗೆ ತುಂಬಾ ಇಷ್ಟವಾದ ಖರ್ಚು. ಕಲಿತ ಮನುಷ್ಯ ಜೊತೆಗಿದ್ದರೆ ಮುಂದಿನ ವರ್ಷ ಯಂತ್ರ ಬದಲಾದರೂ ಚಿಂತೆಯಿಲ್ಲ.

ಇನ್ನೂ ಆಶ್ಚರ್ಯ ಅಂದರೆ ಅದರ ನಂತರದ ನಡೆ. ಕಲರ್ ಗೊತ್ತು, ಸ್ಕೋಪ್ ಗೊತ್ತು. ಆದರೂ 1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ಕಪ್ಪು ಬಿಳುಪು, ಮಾಮೂಲಿ ಚೌಕಟ್ಟು. ನಿರ್ದೇಶನ ಅಬ್ರಾರ್ ಅಲ್ವಿ. ಹಳೆಯ ಜಮೀನ್ದಾರಿ ಮನೆ, ಕತ್ತಲ ಮೂಲೆಗಳು, ಒಂಟಿ ಹೆಂಗಸು. ಆ ಕಥೆಗೆ ನೆರಳು ಬೇಕಿತ್ತು, ಬಣ್ಣ ಬೇಕಿರಲಿಲ್ಲ. ಅದರ ಒಂದು ಮುಜ್ರಾ ಹಾಡಿನಲ್ಲಿ ಮುಖ್ಯ ನರ್ತಕಿ ಮೇಲೆ ಮಾತ್ರ ಬೆಳಕು, ಹಿಂದಿನ ನರ್ತಕಿಯರೆಲ್ಲ ಬರೀ ನೆರಳು. ಹೊಸ ಲೈಟ್ ತಂದದ್ದಲ್ಲ, ಇದ್ದ ಲೈಟ್ ಆರಿಸಿದ್ದು. ಮೂರ್ತಿಗೆ ಮತ್ತೆ ಫಿಲ್ಮ್‌ಫೇರ್ ಬಂತು.

ಗುರುದತ್ ಬದುಕು ಅಲ್ಲಿಂದ ಹೆಚ್ಚು ದಿನ ನಡೆಯಲಿಲ್ಲ. ಮನೆ ಒಡೆದಿತ್ತು, ನಿದ್ದೆ ಇರಲಿಲ್ಲ, ಕುಡಿತ ಹೆಚ್ಚಾಗಿತ್ತು. 1964ರ ಅಕ್ಟೋಬರ್ 10ರಂದು ಮುಂಬೈನ ಪೆಡ್ಡರ್ ರೋಡಿನ ಮನೆಯಲ್ಲಿ ತೀರಿಕೊಂಡಿದ್ದರು. ವಯಸ್ಸು 39. ಮೂರು ಚಿಕ್ಕ ಮಕ್ಕಳು. ಇದನ್ನು ದೊಡ್ಡ ಕಲಾವಿದರ ಸಹಜ ಅಂತ್ಯ ಅನ್ನೋ ಥರ ಬರೆಯೋದು ನಮಗೆ ಇಷ್ಟ ಇಲ್ಲ. ಜೊತೆಗಿದ್ದವರಿಗೆಲ್ಲ ಅದು ದೊಡ್ಡ ನಷ್ಟ, ಅಷ್ಟೇ. ಹಾಸ್ಟೆಲಿನಲ್ಲಿ, ಪಿಜಿಯಲ್ಲಿ ನಿದ್ದೆ ಬಾರದೆ ಒಬ್ಬರೇ ಕೂತಿರುವ ಗೆಳೆಯರಿದ್ದರೆ ಅವರ ರೂಮಿನ ಬಾಗಿಲು ತಟ್ಟಿ.

ಅವರ ಸಿನಿಮಾಗಳಿಗೆ ಮರ್ಯಾದೆ ತಡವಾಗಿ ಬಂತು. 2005ರಲ್ಲಿ ಟೈಮ್ ಪತ್ರಿಕೆಯ ನೂರು ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 'ಪ್ಯಾಸಾ' ಇತ್ತು. ಸೋತ 'ಕಾಗಜ್ ಕೆ ಫೂಲ್' ಇವತ್ತು ಪಾಠ. ಮೂರ್ತಿಯವರು 1993ರಲ್ಲಿ ಕನ್ನಡದ 'ಹೂವು ಹಣ್ಣು' ಚಿತ್ರಕ್ಕೂ ಕ್ಯಾಮೆರಾ ಹಿಡಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಅವರು, ಆ ಗೌರವ ಸಿಕ್ಕ ಮೊದಲ ಛಾಯಾಗ್ರಾಹಕ. 2014ರ ಏಪ್ರಿಲ್ 7ರಂದು ಶಂಕರಪುರಂನ ಮನೆಯಲ್ಲಿ ತೀರಿಕೊಂಡರು. ಆಗ ನಾವು ಎರಡನೇ ಕ್ಲಾಸೋ ಏನೋ.

ನಮ್ಮ ಲೆಕ್ಕ

ಇಷ್ಟೆಲ್ಲ ಓದಿದ ಮೇಲೆ ನಾವು ಒಂದು ಭಾನುವಾರ ಕೂತು ಮತ್ತೆ ಲೆಕ್ಕ ಹಾಕಿದೆವು. ಮೊದಲನೇದು, ಈಗಿರೋ ಕ್ಯಾಮೆರಾದಲ್ಲಿ ಯಾವ ಶಾಟ್ ತೆಗೆಯೋಕೆ ಹೋಗಿ ಆಗಲಿಲ್ಲ ಅಂತ ಪಟ್ಟಿ ಮಾಡಿದೆವು. ಸ್ಕ್ರಿಪ್ಟಿನ ಅಷ್ಟೂ ಶಾಟ್‌ಗಳಲ್ಲಿ ಎರಡೇ ಸಿಕ್ಕವು, ಎರಡೂ ಮುಖದ ಕ್ಲೋಸಪ್. ಎರಡನೇದು, ಫುಲ್ ಫ್ರೇಮ್ ಕ್ಯಾಮೆರಾದ ವಿಡಿಯೋವನ್ನು ನಮ್ಮ 8 ಜಿಬಿ ಲ್ಯಾಪ್‌ಟಾಪ್ ಎಡಿಟ್ ಮಾಡುತ್ತಾ ನೋಡಿದೆವು. ಗೆಳೆಯರೊಬ್ಬರ ಫೈಲ್ ತಂದು ಹಾಕಿದರೆ ಫ್ಯಾನ್ ಸದ್ದು ಪಕ್ಕದ ರೂಮಿಗೆ ಕೇಳಿತು, ವಿಡಿಯೋ ಮಾತ್ರ ಕದಲಲಿಲ್ಲ. ಪ್ರೊಜೆಕ್ಟರ್ ಲೆನ್ಸ್ ಇಲ್ಲದ ಥಿಯೇಟರಿಗೆ ಸ್ಕೋಪ್ ಸಿನಿಮಾ ತಂದ ಹಾಗಾಯಿತು. ಮೂರನೇದು, ಸೋತರೆ ಏನು ಕಳೆದುಕೊಳ್ಳುತ್ತೀವಿ ಅಂತ ಬರೆದೆವು. ಉತ್ತರ ಬರೆಯೋಕೆ ಫೀಸಿನ ಹುಡುಗನಿಗೇ ಪೆನ್ ಕೊಟ್ಟೆವು. ಅವನು ಬರೆಯಲಿಲ್ಲ. ಎದ್ದು ಹೋಗಿ ಕಾಲೇಜಿನ ಪೋರ್ಟಲ್ ತೆರೆದು ಫೀಸ್ ಕಟ್ಟಿ ಬಂದ.

ಕ್ಯಾಮೆರಾ ಕೊಳ್ಳಲಿಲ್ಲ. ಕ್ಲೋಸಪ್‌ಗೆ 85 ಎಂಎಂ ಲೆನ್ಸನ್ನು ಶನಿವಾರ, ಭಾನುವಾರಕ್ಕೆ ಬಾಡಿಗೆಗೆ ತರೋದು ಅಂತ ಆಯಿತು. ವರ್ಷದಲ್ಲಿ ಎಷ್ಟು ಸಲ ಬಾಡಿಗೆಗೆ ತಂದೆವು ಅಂತ ಗೋಡೆ ಮೇಲೆ ಗೆರೆ ಎಳೆಯೋದು. ಬಾಡಿಗೆಯ ಮೊತ್ತ ಲೆನ್ಸ್ ಬೆಲೆಯ ಅರ್ಧ ದಾಟಿದರೆ, ಆಗ ಸೆಕೆಂಡ್ ಹ್ಯಾಂಡ್ ಹುಡುಕೋದು. ಈಗ ಗೋಡೆ ಮೇಲೆ ಎರಡು ಗೆರೆ ಇವೆ.

ಜೊತೆಗೆ ಗಾಜಿನ ಅಂಗಡಿಯಿಂದ ಎರಡು ಕನ್ನಡಿ ತಂದೆವು. ಒಂದನ್ನು ತಾರಸಿಯಲ್ಲಿ, ಇನ್ನೊಂದನ್ನು ಮೆಟ್ಟಿಲ ತುದಿಯಲ್ಲಿ ಇಟ್ಟು ಬಿಸಿಲನ್ನು ಕೆಳಗಿನ ಕತ್ತಲೆಗೆ ಇಳಿಸಿದೆವು. ಹೊಗೆಗೆ ಸಾಂಬ್ರಾಣಿ. ಮೊದಲ ಸಲ ಆ ಕೋಲು ಮೂಡಿದಾಗ ನಾಲ್ವರೂ ಕಿರುಚಿದ್ದಕ್ಕೆ ಓನರ್ ಆಂಟಿ ಓಡಿ ಬಂದರು. ಸಾಂಬ್ರಾಣಿ ವಾಸನೆ ನೋಡಿ ಯಾವ ಹಬ್ಬ ಅಂತ ವಿಚಾರಿಸಿದರು.

ಕಷ್ಟ ಏನು ಅಂದರೆ ಸೂರ್ಯ ನಿಲ್ಲಲ್ಲ. ಗಂಟೆಗೆ 15 ಡಿಗ್ರಿ, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಹತ್ತು ಮೀಟರ್ ಆಚೆ ಬಿದ್ದ ಬೆಳಕು ಅಷ್ಟರಲ್ಲಿ ಸುಮಾರು 17 ಸೆಂಟಿಮೀಟರ್ ಜರುಗಿರುತ್ತೆ. ಕನ್ನಡಿಯನ್ನು ಸರಿಮಾಡೋಕೆ ಹೋದರೆ, ಅದನ್ನು ಒಂದು ಡಿಗ್ರಿ ತಿರುಗಿಸಿದಾಗ ಕಿರಣ ಎರಡು ಡಿಗ್ರಿ ತಿರುಗುತ್ತೆ. ಹಾಗಾಗಿ ಒಬ್ಬರು ತಾರಸಿಯಲ್ಲಿ ಕನ್ನಡಿ ಹಿಡಿದೇ ಕೂರಬೇಕು, ಕೆಳಗಿನಿಂದ ಫೋನಿನಲ್ಲಿ ಎಡ ಬಲ ಹೇಳುತ್ತಿರಬೇಕು. ಫೀಸ್ ಕಟ್ಟಿದವನೇ ಬಿಸಿಲಲ್ಲಿ ಕೂತ. ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂಕಾಲರವರೆಗೆ ನಾವು ಆ ಒಂದು ಶಾಟನ್ನು ಹನ್ನೊಂದು ಸಲ ತೆಗೆದೆವು. ಒಂಬತ್ತನೆಯದು ಚೆನ್ನಾಗಿದೆ. ಮುಂದಿನ ತಿಂಗಳು ಕ್ಲಬ್ಬಿನ ಸ್ಕ್ರೀನಿಂಗಿಗೆ ಬಂದು ನೋಡಿ ಹೇಳಿ.

ಗಿಂಬಲ್ ಮಾರಾಟಕ್ಕಿದೆ. ಬೇಕಾದವರು ಕ್ಲಬ್ ರೂಮಿನಲ್ಲಿ ಸಿಗಿ. ಕೊಡೋ ಮುಂಚೆ ಯಾವ ಶಾಟ್‌ಗೆ ಬೇಕು ಅಂತ ಕೇಳುತ್ತೀವಿ.